ಸತ್ಯಾಂಶ: ಅಯಸ್ಕಾಂತ ಅಂಟಿದರೆ ಸ್ಟೀಲ್ ನಕಲಿಯೇ?

"ಪಾತ್ರೆಗೆ ಅಯಸ್ಕಾಂತ ಅಂಟಿದರೆ ಅದು ಸ್ಟೇನ್‌ಲೆಸ್ ಸ್ಟೀಲೇ ಅಲ್ಲ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಅದು ತಪ್ಪು.

ತುಕ್ಕು ತಡೆಯುವುದು ಸ್ಟೀಲಿಗೆ ಬೆರೆಸಿದ ಕ್ರೋಮಿಯಂ ಲೋಹ. ಅಯಸ್ಕಾಂತ ಅಂಟುವುದು, ಬಿಡುವುದು ಮುಖ್ಯವಾಗಿ ಪರಮಾಣುಗಳ ಜೋಡಣೆಗೆ ಸೇರಿದ ವಿಷಯ. ಸಾಮಾನ್ಯ ತಾಪಮಾನದ ಶುದ್ಧ ಕಬ್ಬಿಣದಲ್ಲಿ ಘನಾಕೃತಿಯ ಎಂಟು ಮೂಲೆಗಳಲ್ಲೂ ನಟ್ಟನಡುವೆಯೂ ಪರಮಾಣುಗಳಿರುತ್ತವೆ, ಇದು ಫೆರೈಟ್, ಇದಕ್ಕೆ ಅಯಸ್ಕಾಂತ ಅಂಟುತ್ತದೆ. 912 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೂಲೆಗಳ ಜೊತೆಗೆ ಆರು ಮುಖಗಳ ಮಧ್ಯದಲ್ಲಿ ಪರಮಾಣುಗಳಿರುವ ಆಸ್ಟೆನೈಟ್ ಆಗುತ್ತದೆ, ಇದಕ್ಕೆ ಅಂಟುವುದಿಲ್ಲ. ಪಾತ್ರೆಗಳಿಗೆ ಬಳಸುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿರುವ ಸುಮಾರು ಶೇ. 8 ನಿಕ್ಕಲ್ ಈ ಜೋಡಣೆಯನ್ನು ತಣ್ಣಗಾದ ಮೇಲೂ ಉಳಿಸುತ್ತದೆ. ಆದ್ದರಿಂದ ಅಯಸ್ಕಾಂತ ಅಂಟುವುದಿಲ್ಲ. ಒತ್ತಿ ಬಗ್ಗಿಸಿದ ಅಂಚಿನಲ್ಲಿ ಮಾತ್ರ ಸ್ವಲ್ಪ ಸೆಳೆತ ಕಾಣಬಹುದು.

ಇನ್ನು ಚಾಕು. 420 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಅಲಗನ್ನು ಸುಮಾರು 1000 ಡಿಗ್ರಿಗೆ ಕಾಯಿಸಿ ಬೇಗನೆ ತಣಿಸುತ್ತಾರೆ. ಆಸ್ಟೆನೈಟ್‌ನಲ್ಲಿ ಕರಗಿದ್ದ ಇಂಗಾಲಕ್ಕೆ ಹೊರಬರಲು ಪುರುಸೊತ್ತೇ ಸಿಗುವುದಿಲ್ಲ. ಅದು ಒಳಗೇ ಸಿಕ್ಕಿಕೊಂಡು ಪರಮಾಣುಗಳ ಜೋಡಣೆಯನ್ನು ಒಂದು ದಿಕ್ಕಿಗೆ ಹಿಗ್ಗಿಸುತ್ತದೆ. ಇದೇ ಮಾರ್ಟೆನ್ಸೈಟ್, ಅಲಗಿನ ಗಡಸುತನದ ಮೂಲ. ಹಾಗೇ ಬಿಟ್ಟರೆ ಅದು ಪೆಡಸಾಗಿ ಮುರಿದೀತು. ಹಾಗಾಗಿ ಕಡಿಮೆ ಶಾಖದಲ್ಲಿ ಮತ್ತೊಮ್ಮೆ ಕಾಯಿಸುತ್ತಾರೆ. ಈ ಅಲಗಿಗೆ ಅಯಸ್ಕಾಂತ ಗಟ್ಟಿಯಾಗಿ ಅಂಟುತ್ತದೆ. ಸಂದೇಶ ನಂಬಿದರೆ ಅಡುಗೆಮನೆಯ ಒಳ್ಳೆಯ ಚಾಕುಗಳೆಲ್ಲ ಗುಜರಿಗೆ!

ಇನ್ನೊಂದು ತಮಾಷೆ: ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ 200 ಸರಣಿಯ ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ, ಆದರೆ ಅದು 304ಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ಕೊಳ್ಳುವಾಗ ದರ್ಜೆಯ ಮುದ್ರೆ ನೋಡಿ. ಇಂಡಕ್ಷನ್ ಒಲೆ ಇದ್ದರೆ ಮಾತ್ರ ಅಯಸ್ಕಾಂತ ಒಯ್ಯಿರಿ. ಅಲ್ಲಿ ಪಾತ್ರೆಯ ತಳಕ್ಕೆ ಅದು ಅಂಟಲೇಬೇಕು.