ಕಾಕಡ ಯಾವ ಊರು?

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದ ಹಾಗೆಲ್ಲ ನಮ್ಮ ಬೀದಿ ಮೂಲೆಯ ಹೂವಮ್ಮನ ಮೊಳ ಗಿಡ್ಡವಾಗುತ್ತಾ ಹೋಗುತ್ತದೆ. ಹನುಮಂತನಗರದಲ್ಲಿ ಹತ್ತು ವರ್ಷದಿಂದ ನಾನು ಕಣ್ಣಾರೆ ಕಂಡ ಸತ್ಯ ಇದು. ಆಷಾಢದಲ್ಲಿ ಮೊಣಕೈಯಿಂದ ನಡುಬೆರಳ ತುದಿವರೆಗೆ ಧಾರಾಳವಾಗಿರುವ ಮೊಳ, ಶ್ರಾವಣ ಬಂತು ಅಂದರೆ ಮೊಣಕೈ ಬಿಟ್ಟು ಮುಂದೆ ಸರಿಯುತ್ತದೆ. ಹಬ್ಬದ ಹಿಂದಿನ ದಿನಕ್ಕೆ ಹೆಚ್ಚೂಕಮ್ಮಿ ಮಣಿಕಟ್ಟಿನ ಹತ್ತಿರ ಬಂದು ನಿಂತಿರುತ್ತದೆ.

"ಏನಮ್ಮಾ, ಮೊಳ ಇಷ್ಟೇನಾ?" ಅಂತ ಈ ಸಲ ಕೇಳಿಯೇಬಿಟ್ಟೆ.

"ನನ್ ಕೈ ಇರೋದೇ ಇಷ್ಟು ಸಾರ್. ನಿಮ್ ಕೈಯಲ್ಲಿ ಅಳೀಲಾ? ಆಗ ಮೊಳಕ್ಕೆ ನೂರಾಗುತ್ತೆ."

ಅವಳ ಕೈಯಲ್ಲಿ ಅಳೆದರೆ 80. ಅಮ್ಮನಿಗೆ ಬೇಕಿದ್ದದ್ದು ಎರಡು ಮಾರು ಮಲ್ಲಿಗೆ. ಮಾರಿಗೆ ನಾಲ್ಕು ಮೊಳ. ಎಂಟೆಂಟ್ಲಿ ಅರವತ್ತನಾಲ್ಕು, ಅದಕ್ಕೊಂದು ಸೊನ್ನೆ. ಆ ಸೊನ್ನೆ ನೋಡಿ ನನ್ನ ಹೊಟ್ಟೆ ಉರಿಯಿತು. ಸೀದಾ ಮನೆಗೆ ಬಂದು, "ಈ ಸಲ ಹೂವು ಸಿಟಿ ಮಾರ್ಕೆಟ್ಟಿಂದ. ನಾನೇ ತರ್ತೀನಿ" ಅಂದೆ.

ಹೆಂಡತಿ ಏನೂ ಹೇಳಲಿಲ್ಲ. ಒಮ್ಮೆ ನನ್ನ ಮುಖ ನೋಡಿದಳು, ಆಮೇಲೆ ತನ್ನ ಕೈಬಳೆ ನೋಡಿಕೊಂಡಳು. ಅದರ ಹಿಂದೆ ಒಂದು ಕಥೆಯಿದೆ. ಎರಡು ವರ್ಷದ ಹಿಂದೆ ಅವಳು ಒಂದು ಡಜನ್ ಹಸಿರು ಬಳೆ ಬೇಕು ಅಂದಾಗ ನಾನು ಬಳೇಪೇಟೆಗೆ ಹೋಗಿದ್ದೆ. ಹೆಸರಲ್ಲೇ ಬಳೆ ಇದೆಯಲ್ಲ! ಅಲ್ಲಿ ವೀಣೆ, ಮೃದಂಗ, ಹಾರ್ಮೋನಿಯಂ ಇಟ್ಟಿದ್ದ ಅಂಗಡಿಯೊಳಗೆ ನುಗ್ಗಿ, "ಹಸಿರು ಬಳೆ ಇದೆಯಾ, ಎರಡೂಕಾಲು ಸೈಜು?" ಅಂತ ಕೇಳಿದ್ದೆ. ಅಂಗಡಿಯವರು ಮೃದಂಗಕ್ಕೆ ಕರಣೆ ಹಾಕುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಅಮ್ಮ ಮಾತ್ರ ನೇರವಾಗಿಯೇ ಹೇಳಿದರು. "ಬಾಯಿದ್ದೋನು ಬರಗಾಲದಲ್ಲೂ ಬದುಕಿದ ಅಂತಾರೆ. ನಿಂಗೆ ಬಾಯಿ ಇರೋದು ಮನೇಲಿ ಮಾತ್ರ ಕಣೋ."

ಗುರುವಾರ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಹೊರಟೆ. ಕೈಯಲ್ಲಿ ಅಮ್ಮನ ಕಾಲದ ವೈರ್ ಬುಟ್ಟಿ, ಜೇಬಲ್ಲಿ ಸಾವಿರದೈನೂರು ರೂಪಾಯಿ, ತಲೆಯಲ್ಲಿ ಉಳಿತಾಯದ ಲೆಕ್ಕ.

ಕೃಷ್ಣರಾಜೇಂದ್ರ ಮಾರುಕಟ್ಟೆ ಶುರುವಾದದ್ದು 1928ರಲ್ಲಿ. ಹೆಸರು ಮಹಾರಾಜರದ್ದು, ಕರೆಯೋದು ಮಾತ್ರ ಕೆ.ಆರ್. ಮಾರ್ಕೆಟ್, ಇನ್ನೂ ಹಳಬರಿಗೆ ಸಿಟಿ ಮಾರ್ಕೆಟ್. ಪಕ್ಕದಲ್ಲೇ ಕೋಟೆ. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಮಾರ್ಚ್ 7ಕ್ಕೆ ಪೇಟೆ ಹಿಡಿಯಿತು, ಆದರೆ ಇಲ್ಲೇ ಕೂಗಳತೆಯಲ್ಲಿದ್ದ ಕೋಟೆ ಕೈಗೆ ಬಂದದ್ದು 21ಕ್ಕೆ. ಅಷ್ಟು ಚಿಕ್ಕ ದೂರಕ್ಕೆ ಎರಡು ವಾರ ಯಾಕೆ ಬೇಕಾಯಿತು ಅಂತ ಸ್ಕೂಲಲ್ಲಿ ಓದುವಾಗ ಆಶ್ಚರ್ಯವಾಗಿತ್ತು. ಹಬ್ಬದ ಹಿಂದಿನ ದಿನ ಬಸ್ಸಿಳಿದು ಮಾರ್ಕೆಟ್ ಬಾಗಿಲು ಸೇರುವಷ್ಟರಲ್ಲಿ ಆ ಆಶ್ಚರ್ಯ ಹೋಯಿತು. ಎಡಕ್ಕೆ ಬೂದುಗುಂಬಳದ ರಾಶಿ, ಬಲಕ್ಕೆ ಮಾವಿನ ಸೊಪ್ಪಿನ ಗುಡ್ಡ, ಎದುರಿಗೆ ತಳ್ಳುಗಾಡಿ, ಹಿಂದಿನಿಂದ "ಸೈಡ್ ಸೈಡ್ ಸೈಡ್" ಅನ್ನುವ ಒಂದು ಮೂಟೆ. ಮೂಟೆಯ ಕೆಳಗೆ ಮನುಷ್ಯ ಇರುತ್ತಾನೆ, ಆದರೆ ಅವನಿಗೆ ನಾವು ಕಾಣೋದಿಲ್ಲ. ಸರಿಯಬೇಕಾದ್ದು ನಮ್ಮ ಕೆಲಸ. ನಾನು ಸರಿದೆ. ಸರಿದ ಜಾಗದಲ್ಲಿ ಕೆಸರಿತ್ತು. ಬಾಳೆಲೆ, ಸೊಪ್ಪಿನ ಬೇರು, ಹೂವಿನ ಎಸಳು ಎಲ್ಲ ಸೇರಿ ತುಳಿದು ತುಳಿದು ಹದವಾದ ಕೆಸರು. ಬಲಗಾಲಿನ ಚಪ್ಪಲಿ ಅಲ್ಲೇ ಉಳಿಯಿತು. ಎಳೆದು ತೆಗೆಯುವಷ್ಟರಲ್ಲಿ ಇನ್ನೊಂದು ಮೂಟೆ ಬಂತು.

ಒಳಗೆ ಹೋದರೆ ಹೂವೋ ಹೂವು. ಹಳದಿ ಸೇವಂತಿಗೆ, ಬಿಳಿ ಸೇವಂತಿಗೆ, ಕೇಸರಿ ಚೆಂಡುಹೂವು, ಸುಗಂಧರಾಜ, ಬಟನ್ ರೋಸು. ಮೇಲಿನ ಮಹಡಿಯ ಕಟಾಂಜನ ಹಿಡಿದು ಹತ್ತಾರು ಹುಡುಗರು ಕ್ಯಾಮರಾ ಬಗ್ಗಿಸಿ ಫೋಟೋ ತೆಗೆಯುತ್ತಿದ್ದರು. ಮೇಲಿನಿಂದ ನೋಡಿದರೆ ರಂಗೋಲಿ ಹಾಕಿದ ಹಾಗಿರುತ್ತದಂತೆ. ಆ ರಂಗೋಲಿಯ ಮಧ್ಯೆ ಒಂದು ಚಪ್ಪಲಿ ಕೈಯಲ್ಲಿ ಹಿಡಿದು ನಿಂತ ಚುಕ್ಕಿಯೇ ನಾನು. ಯಾರ ಫೋನಿನಲ್ಲಾದರೂ ಸಿಕ್ಕಿರುತ್ತೇನೆ.

"ಮಲ್ಲಿಗೆ ಎಷ್ಟಮ್ಮಾ?"

"ಕೆಜಿ ಸಾವಿರದಿನ್ನೂರು."

ಪಕ್ಕದಲ್ಲಿ ಇನ್ನೊಂದು ರಾಶಿ ಬಿಳಿ ಮೊಗ್ಗು. ನನ್ನ ಕಣ್ಣಿಗೆ ಅದೇ ಮಲ್ಲಿಗೆ. "ಇದು?"

"ಕಾಕಡ. ನಾನೂರೈವತ್ತು."

ಇಲ್ಲಿ ನನ್ನ ಜ್ಞಾನ ಕೆಲಸ ಮಾಡಿತು. ಮೈಸೂರು ಮಲ್ಲಿಗೆ ಗೊತ್ತು, ಉಡುಪಿ ಮಲ್ಲಿಗೆ ಗೊತ್ತು, ಹಡಗಲಿ ಮಲ್ಲಿಗೆ ಗೊತ್ತು. ಮೂರಕ್ಕೂ ಜಿ.ಐ. ಟ್ಯಾಗ್ ಇದೆ ಅನ್ನೋದೂ ಗೊತ್ತು. ಹಾಗಾದರೆ ಇದು ಕಾಕಡ ಮಲ್ಲಿಗೆ. ಕಾಕಡ ಅನ್ನೋದು ಚಿಕ್ಕಬಳ್ಳಾಪುರದ ಕಡೆ ಯಾವುದೋ ಹಳ್ಳಿ ಇರಬೇಕು. ಪಾಪ, ಇನ್ನೂ ಟ್ಯಾಗ್ ಸಿಕ್ಕಿಲ್ಲ, ಅದಕ್ಕೇ ಇಷ್ಟು ಅಗ್ಗ. ಇಂಥ ಊರಿನ ರೈತರಿಗೆ ನಮ್ಮಂಥವರು ಬೆಂಬಲ ಕೊಡದೆ ಇನ್ಯಾರು ಕೊಡಬೇಕು?

"ಕಾಕಡ ಎಲ್ಲಿ ಬರುತ್ತಮ್ಮಾ?" ಅಂತ ತಿಳಿದವನ ಹಾಗೆ ಕೇಳಿದೆ.

"ತೋಟದಲ್ಲಿ ಬರುತ್ತೆ ಸ್ವಾಮಿ" ಅಂದಳು.

ಕಾಲು ಕೆಜಿ ಕೊಡು ಅಂದೆ. ಆಕೆ ತಕ್ಕಡಿಯನ್ನು ಮುಟ್ಟಲೇ ಇಲ್ಲ. "ಬೋಣಿ ಟೈಮಲ್ಲಿ ಕಾಲು ಅರೆ ಅನ್ಬೇಡಿ. ಎರಡು ಕೆಜಿ ತಗೊಳ್ಳಿ, ಎಂಟುನೂರಕ್ಕೆ ಮಾಡ್ಕೊಡ್ತೀನಿ." ಆಗ ಆರೂವರೆ. ರಾತ್ರಿಯಿಂದ ನಡೆಯುತ್ತಿರುವ ವ್ಯಾಪಾರದಲ್ಲಿ ಇನ್ನೂ ಬೋಣಿ ಆಗಿಲ್ಲವಾ ಅಂತ ಕೇಳಬೇಕಿತ್ತು. ಕೇಳಲಿಲ್ಲ. ನನ್ನ ತಲೆ ನೂರು ರೂಪಾಯಿ ಉಳಿಯಿತಲ್ಲ ಅನ್ನುವ ಲೆಕ್ಕದಲ್ಲಿತ್ತು. ಎರಡು ಮಾರು ಹೂವಿಗೆ ಎಷ್ಟು ಮೊಗ್ಗು ಬೇಕು, ಬಿಡಿ ಮೊಗ್ಗು ತಗೊಂಡರೆ ಕಟ್ಟೋರು ಯಾರು, ಇವೆಲ್ಲ ಆಮೇಲೆ ಹುಟ್ಟಿದ ಪ್ರಶ್ನೆಗಳು.

ದುಡ್ಡು ಕೊಡೋಣ ಅಂತ ಫೋನು ತೆಗೆದೆ. ಕಂಬಕ್ಕೆ ಕಟ್ಟಿದ್ದ ಸ್ಕ್ಯಾನರ್ ಹಾಳೆಗೆ ಆಗಲೇ ಅರಿಶಿನ, ಕುಂಕುಮ ಹಚ್ಚಿ, ಮೇಲೊಂದು ಸೇವಂತಿಗೆ ಸಿಕ್ಕಿಸಿದ್ದರು. ನನ್ನ ಫೋನು ಅದರ ದರ್ಶನ ಮಾಡಿತೇ ಹೊರತು ಸ್ಕ್ಯಾನ್ ಮಾಡಲಿಲ್ಲ. ಜೇಬಿನಿಂದ ಎಂಟುನೂರು ಎಣಿಸಿ ಕೊಟ್ಟೆ. ಆಕೆ ನೋಟನ್ನು ಕಣ್ಣಿಗೊತ್ತಿಕೊಂಡಳು. ಎರಡು ಕೆಜಿ ಮೊಗ್ಗು ಅಂದರೆ ಎಷ್ಟು ಅಂತ ನನಗೆ ಗೊತ್ತಾದದ್ದು ಆಮೇಲೆ. ಬುಟ್ಟಿ ತುಂಬಿ, ಬಾಳೆಲೆಯಲ್ಲಿ ಕಟ್ಟಿದ ಇನ್ನೊಂದು ಪೊಟ್ಟಣ ಕಂಕುಳಿಗೆ ಬಂತು.

ಹೊರಗಿನ ಓಣಿಯಲ್ಲಿ ತಟ್ಟೆ ಇಡ್ಲಿ ಮಾಡುತ್ತಿದ್ದರು. ಈ ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳೋದಿಲ್ಲ. ಮಾರ್ಕೆಟ್ಟಿಗೆ ಹೋದವನು ಕೂತು ತಿನ್ನುವ ಹೋಟೆಲ್ಲಿಗೆ ಹೋಗಬಾರದು, ಮೂಟೆ ಹೊರುವವರು ಎಲ್ಲಿ ನಿಂತು ತಿನ್ನುತ್ತಾರೋ ಅಲ್ಲಿ ನಿಲ್ಲಬೇಕು. ಅಲ್ಲಿ ತಿಂಡಿ ತಣ್ಣಗಾಗೋಕೆ ಪುರುಸೊತ್ತೇ ಇರೋದಿಲ್ಲ. ಆಯಮ್ಮ ಪಾತ್ರೆಯ ಮುಚ್ಚಳ ಎತ್ತಿದರು. ಹಬೆ ಎದ್ದು ಎರಡು ಕ್ಷಣ ಆಯಮ್ಮನೇ ಮಾಯವಾದರು. ಹಬೆಯೊಳಗಿಂದ ಕೈಯೊಂದು ಬಂದು ನನ್ನ ತಟ್ಟೆಯ ಬಾಳೆಲೆ ಮೇಲೆ ಇಡ್ಲಿ ಮಗುಚಿತು. ಅಂಗೈಗಿಂತ ಅಗಲ, ಬೆರಳಿಟ್ಟರೆ ಒಳಗೆ ಹೋಗಿ ಮತ್ತೆ ಮೇಲೆ ಬರುವಷ್ಟು ಮೆತ್ತಗೆ. ಮೇಲಿಂದ ಒಂದು ಸೌಟು ಚಟ್ನಿ. ನೀರು ಚಟ್ನಿ, ಹಸಿಮೆಣಸಿನಕಾಯಿ ಖಾರ ಮೂಗಿಗೆ ಹತ್ತುವಂಥದ್ದು. ಅದರ ಮೇಲೆ ಒಂದು ಚಮಚ ಬೆಣ್ಣೆ, ಅದು ಕರಗಿ ಅಂಚಿಗೆ ಇಳಿಯುವುದರೊಳಗೆ ತಿನ್ನಬೇಕು. ತಿಂದೆ. ಇನ್ನೊಂದು ಹಾಕಿಸಿಕೊಂಡೆ. ಆವತ್ತು ಕೊಟ್ಟ ದುಡ್ಡಿಗೆ ಪೂರ್ತಿ ಸಿಕ್ಕಿದ್ದು ಅಂದರೆ ಅದೊಂದೇ.

ಪಕ್ಕದಲ್ಲಿ ಒಬ್ಬ ಮೂಟೆಯಣ್ಣ ತಲೆಯ ಸಿಂಬಿ ತೆಗೆದು ಹೆಗಲಿಗೆ ಹಾಕಿಕೊಂಡು ನಾಲ್ಕನೇ ಇಡ್ಲಿಯಲ್ಲಿದ್ದ. ನನ್ನ ಬುಟ್ಟಿ ನೋಡಿದ.

"ಎಷ್ಟು ಕೊಟ್ರಿ ಸಾರ್?"

"ಎರಡು ಕೆಜಿ ಎಂಟುನೂರು. ಕಾಕಡ ಮಲ್ಲಿಗೆ" ಅಂದೆ, ಸ್ವಲ್ಪ ಎದೆ ಉಬ್ಬಿಸಿಯೇ.

ಅವನು ಚಟ್ನಿ ಆಗದ ಎಡಗೈಯಿಂದ ಒಂದು ಮೊಗ್ಗು ಎತ್ತಿ ಮೂಗಿಗೆ ಹಿಡಿದ. ಆಮೇಲೆ ನನ್ನ ಮೂಗಿಗೆ ಹಿಡಿದ. "ವಾಸನೆ ಬಂತಾ?"

ಬರಲಿಲ್ಲ. ಚಟ್ನಿ ವಾಸನೆ ಬಂತು.

"ಮಲ್ಲಿಗೆ ಬೇರೆ, ಕಾಕಡ ಬೇರೆ ಸಾರ್. ನೋಡೋಕೆ ಒಂದೇ ಥರ. ಘಮ ಇರಲ್ಲ."

"ಕಾಕಡ ಅಂದ್ರೆ ಊರಲ್ವಾ?"

ಅವನು ಇಡ್ಲಿ ಅಗಿಯೋದು ನಿಲ್ಲಿಸಿದ. ನಗಲಿಲ್ಲ, ದೊಡ್ಡ ಮನುಷ್ಯ. "ಹೂವಿನ ಹೆಸರೇ ಕಾಕಡ ಸಾರ್" ಅಂದು, ಸಿಂಬಿ ತಲೆಗಿಟ್ಟುಕೊಂಡು ಹೊರಟುಹೋದ. ಓಣಿ ತಿರುಗುವ ಹೊತ್ತಿಗೆ ಅವನ ಹೆಗಲು ಕುಲುಕುತ್ತಿದ್ದದ್ದು ನನಗೆ ಕಾಣಿಸಿತು.

ಸಸ್ಯಶಾಸ್ತ್ರದ ಪ್ರಕಾರ ಕಾಕಡವೂ ಮಲ್ಲಿಗೆಯ ಕುಲಕ್ಕೇ ಸೇರಿದ್ದು ಅಂತ ಆಮೇಲೆ ಓದಿ ತಿಳಿದುಕೊಂಡೆ. ಆದರೆ ನಮ್ಮಮ್ಮನ ಮುಂದೆ ಸಸ್ಯಶಾಸ್ತ್ರ ನಡೆಯೋದಿಲ್ಲ.

ವಾಪಸ್ ಕೊಡೋಣ ಅಂತ ಒಳಗೆ ಹೋದೆ. ಅದೇ ಕಂಬ, ಅದೇ ರಾಶಿ, ಅದೇ ಅರಿಶಿನ ಹಚ್ಚಿದ ಸ್ಕ್ಯಾನರ್ ಹತ್ತು ಕಡೆ ಇತ್ತು. ಯಾರ ಹತ್ತಿರ ತಗೊಂಡೆ ಅನ್ನೋದೇ ಮರೆತುಹೋಗಿತ್ತು. ಸಿಕ್ಕಿದ್ದರೂ ಏನು ಹೇಳುತ್ತಿದ್ದೆ? ಆಕೆ ಕಾಕಡ ಅಂತಲೇ ಹೇಳಿದ್ದಳಲ್ಲ.

ಒಂದು ಕಡೆ ಕಳಕೊಂಡದ್ದನ್ನು ಇನ್ನೊಂದು ಕಡೆ ಗಳಿಸೋಣ ಅನ್ನೋದು ಇಸ್ಪೀಟು ಆಡುವವರ ಬುದ್ಧಿ. ನನಗೂ ಅದೇ ಬಂತು. ಫುಟ್‌ಪಾತಿನಲ್ಲಿ ಬಾಳೆಕಂದು ಇಟ್ಟಿದ್ದರು. ಜೋಡಿಗೆ ನೂರು ಅಂದ. ನಾನು ನಲವತ್ತು ಅಂದೆ. ಗಿಟ್ಟಲ್ಲ ಅಂದ. ಎರಡು ಹೆಜ್ಜೆ ಮುಂದೆ ಹೋದೆ, ಕೂಗಿ ಕರೆದ. ಅರವತ್ತಕ್ಕೆ ಮುಗಿಯಿತು. ಜೀವನದಲ್ಲಿ ಮೊದಲ ಸಲ ಚೌಕಾಸಿಯಲ್ಲಿ ಗೆದ್ದೆ. ಅವನು ಎತ್ತಿ ನನ್ನ ಹೆಗಲಿಗೆ ಒರಗಿಸಿದಾಗ ಗೊತ್ತಾಯಿತು, ಒಂದೊಂದೂ ನನಗಿಂತ ಒಂದಡಿ ಎತ್ತರ ಇತ್ತು.

ಬಸ್ಸಿನ ಆಸೆ ಬಿಟ್ಟೆ. ಐದು ಆಟೋ ನಿಲ್ಲಲೇ ಇಲ್ಲ. ಆರನೆಯವನು ನಿಲ್ಲಿಸಿ, ನನ್ನನ್ನೂ ಕಂದುಗಳನ್ನೂ ಎಣಿಸಿದ.

"ಮೂರು ಜನ ಆಗ್ತೀರ ಸಾರ್. ಇನ್ನೂರೈವತ್ತು ಕೊಡಿ."

ಎರಡು ಕಂದುಗಳು ಒಳಗೆ ಅಡ್ಡಡ್ಡ ಮಲಗಿದವು. ಬುಡ ಬಲಗಡೆ, ಎಲೆ ಎಡಗಡೆ, ನಡುವೆ ಕುತ್ತಿಗೆ ಬಗ್ಗಿಸಿಕೊಂಡು ನಾನು, ತೊಡೆ ಮೇಲೆ ಎರಡು ಕೆಜಿ ಕಾಕಡ. ಚಾಮರಾಜಪೇಟೆ ದಾಟುವವರೆಗೂ ನಮ್ಮ ಎಲೆ ಪಕ್ಕದಲ್ಲಿ ಹೋಗುವ ಸ್ಕೂಟರಿನವರಿಗೆಲ್ಲ ಚಾಮರ ಬೀಸುತ್ತಿತ್ತು. ಸಿಗ್ನಲ್ಲಿನಲ್ಲಿ ಒಬ್ಬರು ಬಗ್ಗಿ ನೋಡಿ, "ಛತ್ರ ಯಾವ್ದು ಸಾರ್?" ಅಂತ ವಿಚಾರಿಸಿದರು.

ಬೀದಿ ಮೂಲೆಗೆ ಬಂದಾಗ ಆಟೋ ನಿಲ್ಲಿಸಿದೆ. ಹೂವಮ್ಮ ಬುಟ್ಟಿ ನೋಡಿದಳು, ನನ್ನ ಮುಖ ನೋಡಿದಳು. ಎರಡರಲ್ಲೂ ಇದ್ದದ್ದನ್ನು ಓದಿಕೊಂಡಳು.

"ಕಾಕಡನಾ?"

"ಹೂಂ."

"ಎಷ್ಟಕ್ಕೆ ಕೊಡ್ತೀರಾ?"

ಎಂಟುನೂರು ಅಂದೆ. ಮುನ್ನೂರು ಅಂದಳು. ಆರುನೂರು ಅಂದೆ. ಅವಳು ಕಟ್ಟುತ್ತಿದ್ದ ಹೂವಿನ ಕಡೆ ತಿರುಗಿದಳು. ನಾನು ಎರಡು ಹೆಜ್ಜೆ ಮುಂದೆ ಹೋದೆ. ಅವಳು ಕೂಗಲಿಲ್ಲ. ನಾನೇ ವಾಪಸ್ ಬಂದೆ. ಮುನ್ನೂರಕ್ಕೆ ಕೊಟ್ಟು, ಮೇಲೆ ಮುನ್ನೂರನಲವತ್ತು ಸೇರಿಸಿ, ಎರಡು ಮಾರು ಮಲ್ಲಿಗೆ ತಗೊಂಡೆ. ಅವಳ ಕೈಯ ಮೊಳದಲ್ಲೇ. "ಒಂಚೂರು ಕೊಸರಾದರೂ ಹಾಕಮ್ಮಾ" ಅಂದಿದ್ದಕ್ಕೆ, ನನ್ನದೇ ಬುಟ್ಟಿಯಿಂದ ಒಂದು ಹಿಡಿ ಕಾಕಡ ತೆಗೆದು ಹಾಕಿದಳು.

ಮನೆಯಲ್ಲಿ ಅಮ್ಮ ಮಲ್ಲಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಮೂಸಿದರು. ಕಣ್ಣು ಅರಳಿತು. "ನೋಡು, ಮಾರ್ಕೆಟ್ ಹೂವು ಅಂದ್ರೆ ಹೀಗಿರ್ಬೇಕು. ಆ ಮೂಲೆಯವಳ ಹತ್ರ ಇಂಥ ಘಮ ಎಲ್ಲಿರುತ್ತೆ!" ಅಂದರು. ನಾನು ಬಾಳೆಕಂದು ಕಟ್ಟೋಕೆ ಹಗ್ಗ ಹುಡುಕುವ ನೆಪದಲ್ಲಿ ಅಟ್ಟ ಹತ್ತಿದೆ.

ಸಂಜೆ ಹೆಂಡತಿ ಕೊತ್ತಂಬರಿ ಸೊಪ್ಪು ತರೋಕೆ ಮೂಲೆಗೆ ಹೋಗಿದ್ದಳು. ಬರುವಾಗ ಕೈಯಲ್ಲೊಂದು ಪೊಟ್ಟಣ. ಬಿಡಿಸಿದಳು. ಬಿಳಿ ಮೊಗ್ಗು, ನಡುನಡುವೆ ಒಂದೊಂದು ಕನಕಾಂಬರ ಸೇರಿಸಿ ಒತ್ತಾಗಿ ಕಟ್ಟಿದ ನಾಲ್ಕು ಮೊಳ.

"ಎಷ್ಟು ಚೆನ್ನಾಗಿದೆ ನೋಡಿ. ಮೊಳಕ್ಕೆ ಅರವತ್ತಕ್ಕೇ ಕೊಟ್ಟಳು. ಇವತ್ತು ಬೆಳಿಗ್ಗೆ ಅವಳಿಗೆ ಯಾರೋ ಸಸ್ತಾಕ್ಕೆ ಹಾಕಿ ಹೋದ್ರಂತೆ."

"ಹೌದಾ?" ಅಂದೆ.