ಹಿಂದುಗಡೆ ಕನಕನ ಕಿಂಡಿ

ಹೋದ ಮಳೆಗಾಲದಲ್ಲಿ ನನಗೊಂದು ಹರ್ನಿಯಾ ಆಪರೇಷನ್ ಆಯಿತು. ಎಲ್ಲಿ ಅಂತ ಹೇಳುವುದಿಲ್ಲ. ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೂತರೆ ಎಡಗಡೆ ಕಿಟಕಿಯಲ್ಲೊಂದು, ಬಲಗಡೆ ಕಿಟಕಿಯಲ್ಲೊಂದು ಆಸ್ಪತ್ರೆ ಕಾಣುತ್ತದಲ್ಲ, ಅದರಲ್ಲಿ ಯಾವುದೋ ಒಂದು ಅಂತ ಇಟ್ಟುಕೊಳ್ಳಿ. ಆಪರೇಷನ್ ಚೆನ್ನಾಗಿಯೇ ಆಯಿತು. ಡಾಕ್ಟರ ಕೈಗುಣ ಒಳ್ಳೆಯದು, ಹೊಲಿಗೆ ನೀಟಾಗಿ ಕೂತಿದೆ. ನಾನು ಹೇಳಹೊರಟಿದ್ದು ಬಟ್ಟೆಯ ವಿಷಯ.

ಅಡ್ಮಿಟ್ ಆದ ಕೂಡಲೇ ಸಿಸ್ಟರ್ ಒಂದು ಹಸಿರು ಗೌನು ಕೈಗಿಟ್ಟು, ‘ಒಳಗಿನದ್ದೆಲ್ಲ ಬಿಚ್ಚಿ ಇದನ್ನು ಹಾಕ್ಕೊಳ್ಳಿ ಅಂಕಲ್’ ಅಂದರು. ಬಿಚ್ಚುವುದು ನಮ್ಮ ಕಡೆ ಗಂಡಸರಿಗೆ ಹೊಸತೇನಲ್ಲ. ಎಷ್ಟೋ ದೇವಸ್ಥಾನಗಳ ಬಾಗಿಲಲ್ಲೇ ‘ಅಂಗಿ ಬನಿಯನ್ ತೆಗೆದು ಒಳಗೆ ಬನ್ನಿ’ ಅಂತ ಬೋರ್ಡ್ ಉಂಟು. ಆದರೆ ದೇವರು ಅಂಗಿಗೇ ತೃಪ್ತನಾಗುತ್ತಾನೆ, ಪಂಚೆಯ ಸುದ್ದಿಗೆ ಬರುವುದಿಲ್ಲ.

ಗೌನಿಗೆ ಮುಂದುಗಡೆ ಕುತ್ತಿಗೆವರೆಗೂ ಬಟ್ಟೆ. ಹಿಂದುಗಡೆ ಎರಡು ದಾರ. ನನ್ನ ಗೌನಿನಲ್ಲಿ ಒಂದು ದಾರ ಇತ್ತು, ಇನ್ನೊಂದು ಇದ್ದ ಜಾಗ ಇತ್ತು. ಉಳಿದದ್ದು ಕನಕನ ಕಿಂಡಿ. ಕೃಷ್ಣ ಕನಕನಿಗಾಗಿ ತಿರುಗಿ ನಿಂತ ಅಂತ ಕತೆ ಹೇಳುತ್ತಾರಲ್ವಾ? ಗೌನು ಹಾಕಿಕೊಂಡ ಮನುಷ್ಯ ಯಾರಿಗಾಗಿಯೂ ತಿರುಗಿ ನಿಲ್ಲುವ ಹಾಗಿಲ್ಲ. ‘ಮೇಲಿಂದ ಒಂದು ಬೈರಾಸು ಸುತ್ತಿಕೊಳ್ಳಲಾ ಸಿಸ್ಟರ್?’ ಅಂತ ಕೇಳಿದೆ. ‘ಓಟಿಯವರು ಬೈತಾರೆ’ ಅಂದರು. ಆಪರೇಷನ್ ಇದ್ದದ್ದು ಮರುದಿನ ಬೆಳಿಗ್ಗೆ. ಮಾನ ಮಾತ್ರ ಹಿಂದಿನ ದಿನವೇ ಜಮಾ ಮಾಡಿಸಿಕೊಂಡರು, ಅಡ್ವಾನ್ಸ್ ಹಣದ ಜೊತೆಗೆ.

ಸಂಜೆ ‘ಲ್ಯಾಬಿಗೆ ನೀವೇ ಕೊಟ್ಟು ಬನ್ನಿ, ಅಲ್ಲೇ ಕೆಳಗೆ’ ಅಂತ ಯೂರಿನ್ ಬಾಟ್ಲಿ ಕೊಟ್ಟು ಕಳಿಸಿದರು. ಒಂದು ಕೈಯಲ್ಲಿ ಬಾಟ್ಲಿ. ಇನ್ನೊಂದು ಕೈ ಹಿಂದೆ, ಕಿಂಡಿ ಕಾಯುವ ಡ್ಯೂಟಿಯಲ್ಲಿ. ವಿಸಿಟಿಂಗ್ ಅವರ್ ಬೇರೆ, ಕಾರಿಡಾರ್ ತುಂಬಾ ಮುಸುಂಬಿ, ಬ್ರೆಡ್ಡು, ಎಳನೀರು ಹಿಡಿದ ಜನ. ಆ ಜನರ ನಡುವಿನಿಂದ ನನಗೆ ಸಾಲ ಕೊಟ್ಟ ಹಳೆಯ ಬ್ಯಾಂಕ್ ಮ್ಯಾನೇಜರು ಸೀದಾ ಎದುರಿಗೇ ಬಂದು, ಎರಡೂ ಕೈ ಜೋಡಿಸಿ, ‘ನಮಸ್ಕಾರ’ ಅಂದುಬಿಟ್ಟರು. ನಮಸ್ಕಾರಕ್ಕೆ ಎರಡು ಕೈ ಬೇಕು ಮಾರಾಯ್ರೆ. ನಾನು ಬಾಟ್ಲಿಯನ್ನೇ ಎತ್ತಿ ತೋರಿಸಿ ಗೋಡೆಗೆ ಬೆನ್ನು ಕೊಟ್ಟು ಅಡ್ಡಡ್ಡ ಸರಿದೆ, ಏಡಿಯ ಹಾಗೆ. ಈಗ ಅವರು ಎಲ್ಲಿ ಸಿಕ್ಕಿದರೂ ಬರೀ ತಲೆ ಅಲ್ಲಾಡಿಸುತ್ತಾರೆ.

ಇನ್ನು ವಾರ್ಡಿನ ಪರದೆ. ಪರದೆ ಇಲ್ಲ ಅಂತ ಯಾರೂ ದೂರುವಂತಿಲ್ಲ, ಇತ್ತು. ಹನ್ನೆರಡು ಕೊಕ್ಕೆಯಲ್ಲಿ ಐದು ಉಳಿದಿದ್ದವು. ದಾನಿಗಳ ಹೆಸರು ಮಾತ್ರ ಒಂದಕ್ಷರ ಮಾಸಿರಲಿಲ್ಲ. ಮಂಚದ ಉದ್ದಕ್ಕೆ ಎಳೆದರೆ ತಲೆಯ ಕಡೆ ಮುಚ್ಚಿ ಕಾಲಿನ ಕಡೆ ತೆರೆಯುತ್ತಿತ್ತು, ಕಾಲಿನ ಕಡೆ ಎಳೆದರೆ ತಲೆ. ರಾತ್ರಿ ವಾರ್ಡ್ ಬಾಯ್ ರೇಜರ್ ಹಿಡಿದು ಬಂದ, ಆಪರೇಷನ್ ಜಾಗದ ಕೂದಲು ತೆಗೆಯಬೇಕಲ್ಲ. ಹೆಸರು ಕಾಣುವ ಹಾಗೆ ಪರದೆ ಎಳೆದು ಕೆಲಸಕ್ಕೆ ಕೂತ. ಪಕ್ಕದ ಮಂಚದವರ ಹೆಂಡತಿ ಅಷ್ಟೂ ಹೊತ್ತು ಸೀಲಿಂಗ್ ಫ್ಯಾನನ್ನೇ ನೋಡುತ್ತಿದ್ದರು. ಆ ತಾಯಿಗೆ ನನ್ನ ನಮಸ್ಕಾರ, ಈಗ ಎರಡೂ ಕೈಯಲ್ಲಿ.

ಯಕ್ಷಗಾನ ನೋಡಿದವರಿಗೆ ಗೊತ್ತು. ಬಣ್ಣದ ವೇಷ ರಂಗಕ್ಕೆ ಬರುವಾಗ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಒಳಗಿರುವವನು ಮೂರು ಲೋಕ ನಡುಗಿಸುವ ರಾಕ್ಷಸ, ಮೈತುಂಬಾ ವೇಷ ಕಟ್ಟಿಕೊಂಡಿದ್ದಾನೆ, ಮುಖದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿ ಬೇರೆ. ಅವನನ್ನು ಒಂದೇ ಸಲಕ್ಕೆ ತೋರಿಸಬಾರದು ಅಂತ ಮರ್ಯಾದೆ. ರಾಕ್ಷಸನಿಗೆ ಸಿಗುವ ತೆರೆ ಹರ್ನಿಯಾದವನಿಗೆ ಸಿಗುವುದಿಲ್ಲ.

ಮರುದಿನ ಬೆಳಿಗ್ಗೆ ರೌಂಡ್ಸ್. ಕರಾವಳಿಯಲ್ಲಿ ಕಾಯಿಲೆ ಬಿದ್ದರೆ ನೀವು ರೋಗಿ ಮಾತ್ರ ಅಲ್ಲ, ಪಠ್ಯಪುಸ್ತಕವೂ ಹೌದು. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದ ಗುಡ್ಡದ ಮೇಲೆ ಮೆಡಿಕಲ್ ಕಾಲೇಜು ಶುರು ಮಾಡಿದ ಮೇಲೆ ನಮ್ಮಲ್ಲಿ ಅಂಥ ಕಾಲೇಜುಗಳು ಹೆಚ್ಚುತ್ತಲೇ ಹೋದವು, ಅದು ನಮಗೆಲ್ಲ ಹೆಮ್ಮೆಯೇ. ಮಕ್ಕಳು ಕಲಿಯಬೇಕು, ನಮ್ಮ ಮೈಮೇಲೇ ಕಲಿಯಬೇಕು, ಬೇಡ ಅನ್ನುವವನು ನಾನಲ್ಲ. ಕೇಳಿದರೆ ಖಂಡಿತ ಹೂಂ ಅನ್ನುತ್ತಿದ್ದೆ. ಕೇಳಲಿಲ್ಲ, ಅಷ್ಟೆ. ದೊಡ್ಡ ಡಾಕ್ಟರು ಬಂದರು, ಹಿಂದೆ ಹನ್ನೊಂದು ಜನ. ಹೊದಿಕೆ ಹೋಯಿತು. ‘ನಿಂತ್ಕೊಳ್ಳಿ’ ಅಂದರು, ನಿಂತೆ. ‘ಗೌನು ಎತ್ತಿ ಹಿಡೀರಿ’ ಅಂದರು, ಹಿಡಿದೆ. ‘ಕೆಮ್ಮಿ.’ ಕೆಮ್ಮಿದೆ. ನಿಂತು ಕೆಮ್ಮಿದರೆ ಹರ್ನಿಯಾ ಹೊರಗೆ ಉಬ್ಬುತ್ತದೆ, ಅದನ್ನು ಕೈಯಿಟ್ಟು ನೋಡಬೇಕಂತೆ. ಒಬ್ಬೊಬ್ಬರೇ ಬಂದು ಕೈಯಿಟ್ಟರು, ಒಬ್ಬೊಬ್ಬರಿಗೂ ನಾನು ಕೆಮ್ಮಿದೆ. ಏಳನೆಯವನಿಗೆ ಸಿಗಲಿಲ್ಲ, ‘ಇನ್ನೊಮ್ಮೆ ಜೋರಾಗಿ’ ಅಂದ. ಅಷ್ಟು ಹೊತ್ತಿನಲ್ಲಿ ನನ್ನ ಹೆಸರು ‘ಈ ಇಂಗ್ವೈನಲ್’ ಅಂತ ಆಗಿತ್ತು, ತೊಡೆಸಂದಿನ ಹರ್ನಿಯಾಕ್ಕೆ ಅವರ ಭಾಷೆಯಲ್ಲಿ ಹಾಗೆ. ಮುಖ ನೋಡಿದವರು ಯಾರೂ ಇಲ್ಲ, ಕೊನೆಯಲ್ಲಿದ್ದ ಹುಡುಗಿ ಒಬ್ಬಳನ್ನು ಬಿಟ್ಟು. ನೋಡಿದವಳೇ, ‘ಅಯ್ಯೋ, ಅಂಕಲ್, ನೀವಾ?’ ಅಂದಳು. ನಮ್ಮ ಮನೆ ಹಿಂದಿನ ಬೀದಿಯ ಹುಡುಗಿ, ನಾನು ಆರನೇ ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಟ್ಟವಳು.

ಎಂಚಿ ಸಾವು ಮಾರ್ರೆ!

ಅವಳು ಕೈಯಿಡಲಿಲ್ಲ. ಕೆಳಗೆ ಬಿದ್ದ ಹೊದಿಕೆ ಎತ್ತಿ ನನ್ನ ಸೊಂಟಕ್ಕೆ ಸುತ್ತಿ, ‘ಫೀಲ್ ಆಯ್ತು ಸರ್’ ಅಂತ ದೊಡ್ಡ ಡಾಕ್ಟರಿಗೆ ಸುಳ್ಳು ಹೇಳಿದಳು. ಲೆಕ್ಕದಲ್ಲಿ ಸ್ವಲ್ಪ ವೀಕ್ ಇದ್ದಳು, ಪಾಪ. ಡಾಕ್ಟರಿಕೆ ಮಾಡಿಕೊಂಡು ಹೋಗುತ್ತಾಳೆ ಬಿಡಿ.

ಆ ಹನ್ನೆರಡೂ ಜನರ ಕುತ್ತಿಗೆಯಲ್ಲಿ ಸ್ಟೆತಾಸ್ಕೋಪ್ ನೇತಾಡುತ್ತಿತ್ತು. ಅದು ಹುಟ್ಟಿದ್ದೇ ನಾಚಿಕೆಯಿಂದ. 1816ರಲ್ಲಿ ಪ್ಯಾರಿಸ್ಸಿನ ಡಾಕ್ಟರ್ ಲೆನೆಕ್ ಹತ್ತಿರ ಹೃದಯದ ಕಾಯಿಲೆಯ ಹೆಣ್ಣುಮಗಳೊಬ್ಬಳು ಬಂದಳು. ಆಗೆಲ್ಲ ಎದೆಗೇ ಕಿವಿ ಆನಿಸಿ ಕೇಳಬೇಕಿತ್ತು. ಈ ಪುಣ್ಯಾತ್ಮನಿಗೆ ಮುಜುಗರ ಆಯಿತು. ಕಾಗದ ಸುರುಳಿ ಸುತ್ತಿ ಒಂದು ತುದಿ ಅವಳ ಎದೆಗೆ, ಇನ್ನೊಂದು ತುದಿ ತನ್ನ ಕಿವಿಗೆ ಇಟ್ಟುಕೊಂಡ. ಬರೀ ಕಿವಿಗಿಂತ ಚೆನ್ನಾಗಿ ಕೇಳಿಸಿತು. ಆ ಮುಜುಗರವನ್ನು ಇವತ್ತಿಗೂ ಎಲ್ಲ ಡಾಕ್ಟರೂ ಕುತ್ತಿಗೆಗೆ ಹಾಕಿಕೊಂಡೇ ಓಡಾಡುತ್ತಾರೆ. ಕುತ್ತಿಗೆಯಿಂದ ಒಳಗೆ ಇಳಿದಿಲ್ಲ ಅಷ್ಟೆ.

ಹಾಗಂತ ನಿಯಮ ಇಲ್ಲ ಅಂತಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಗಳ ಹಕ್ಕುಗಳ ಸನ್ನದು ಸಿದ್ಧ ಮಾಡಿತು, ಒಟ್ಟು 17 ಹಕ್ಕು. ಮರುವರ್ಷ ಕೇಂದ್ರ ಸರ್ಕಾರ ಇದನ್ನು ಜಾರಿಗೆ ತನ್ನಿ ಅಂತ ರಾಜ್ಯಗಳಿಗೆ ಪತ್ರ ಬರೆಯಿತು. ಖಾಸಗಿತನ, ಘನತೆ ಎಲ್ಲ ರೋಗಿಗಳ ಹಕ್ಕು ಅಂತ ಅದರಲ್ಲಿದೆ. ಗಂಡು ಡಾಕ್ಟರು ಹೆಣ್ಣುಮಕ್ಕಳನ್ನು ಪರೀಕ್ಷೆ ಮಾಡುವಾಗ ಇನ್ನೊಬ್ಬ ಹೆಂಗಸು ಜೊತೆಗಿರಬೇಕು ಅಂತ ಕೇಳುವ ಹಕ್ಕೂ ಇದೆ. ನಾನಿದ್ದಲ್ಲಿ ಹಕ್ಕುಗಳ ಬೋರ್ಡ್ ಇತ್ತು, ಕನ್ನಡದಲ್ಲೇ ಇತ್ತು. ಎದುರಿಗೆ ವಾಟರ್ ಕೂಲರ್ ಇಟ್ಟಿದ್ದರು. ‘ಘನ’ ಅಂತ ಅರ್ಧ ಕಾಣುತ್ತಿತ್ತು.

ನನ್ನ ಹೆಂಡತಿಯದ್ದು ಇನ್ನೊಂದು ಕತೆ, ಬೇರೆ ಆಸ್ಪತ್ರೆ. ಇಸಿಜಿ ತೆಗೆಸಲು ಹೋಗಿದ್ದಳು. ರವಿಕೆ ಬಿಚ್ಚಿಸಿ ಎದೆಗೆ ವೈರು ಅಂಟಿಸಿ ಮಲಗಿಸಿದ್ದಾರೆ, ಬಾಗಿಲಿಗೆ ಚಿಲಕ ಇಲ್ಲ. ಒಬ್ಬ ಫೈಲ್ ಕೇಳಲು ಬಂದ, ಇನ್ನೊಬ್ಬ ಸ್ಟೂಲ್ ಒಯ್ಯಲು ಬಂದ, ಮತ್ತೊಬ್ಬ ‘ಎಕ್ಸ್‌ರೇ ಎಲ್ಲಿ?’ ಅಂತ ತಲೆ ಹಾಕಿದ. ರಿಪೋರ್ಟಿನಲ್ಲಿ ಎದೆಬಡಿತ ಸ್ವಲ್ಪ ಜಾಸ್ತಿ ಅಂತ ಬಂತು. ‘ಟೆನ್ಷನ್ ಮಾಡ್ಕೋಬೇಡಿ ಅಮ್ಮಾ’ ಅಂತ ಒಂದು ಮಾತ್ರೆ ಬರೆದುಕೊಟ್ಟರು. ಐವತ್ತು ರೂಪಾಯಿಯ ಚಿಲಕಕ್ಕೆ ಬರೆದುಕೊಡಬೇಕಿತ್ತು.

ಆಸ್ಪತ್ರೆಯವರನ್ನೇ ಬೈದರೆ ತಪ್ಪಾಗುತ್ತದೆ. ಓಟಿಯಿಂದ ಹೊರಗೆ ತಂದಾಗ, ಇನ್ನೂ ಅರೆನಿದ್ದೆಯಲ್ಲಿ ಬಾಯಿ ಕಳೆದುಕೊಂಡು ಬಿದ್ದಿದ್ದ ನನ್ನ ಫೋಟೋ ತೆಗೆದು ಕುಟುಂಬದ ಗ್ರೂಪಿಗೆ ಹಾಕಿದ್ದು ನನ್ನ ಸ್ವಂತ ಭಾವ. ನಲವತ್ತಮೂರು ಜನ ಕೈಮುಗಿದಿದ್ದಾರೆ. ದುಬೈಯಿಂದ ಚಿಕ್ಕಮ್ಮ, ‘ಹೊದಿಕೆ ಸ್ವಲ್ಪ ಮೇಲೆ ಎಳೀರಿ’ ಅಂತ ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ದುಬೈಗೂ ಕಂಡಿದೆ.

ಡಿಸ್ಚಾರ್ಜ್ ದಿನ ಕೌಂಟರಿಗೆ ಹೋಗಿ ನನ್ನ ಕೇಸ್ ಶೀಟಿನ ಕಾಪಿ ಕೇಳಿದೆ. ಕೊರೋನಾ ಕಾಲದ ಗಾಜು ಇನ್ನೂ ಹಾಗೇ ಉಂಟು, ಕೆಳಗೊಂದು ತೂತು. ಬಗ್ಗಿ, ಆ ತೂತಿಗೆ ಬಾಯಿಟ್ಟು, ಕ್ಯೂನಲ್ಲಿದ್ದ ಅಷ್ಟೂ ಜನರ ಎದುರು ‘ಹರ್ನಿಯಾ, ಬಲಗಡೆ’ ಅಂತ ಮೂರು ಸಲ ಕೂಗಿದ ಮೇಲೆ ಆ ಹುಡುಗಿಗೆ ಕೇಳಿಸಿತು. ‘ಅದು ಹಾಗೆಲ್ಲ ಕೊಡ್ಲಿಕ್ಕೆ ಆಗುದಿಲ್ಲ ಸರ್, ಕಾನ್ಫಿಡೆನ್ಷಿಯಲ್’ ಅಂದಳು.

‘ಯಾರಿಂದ?’ ಅಂದೆ.

‘ಅಂದ್ರೆ?’

ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯಕೀಯ ಪರಿಷತ್ತಿನ 2002ರ ನಿಯಮವೇ ಉಂಟು ಅಂತ ಹೇಳಲು ಮತ್ತೆ ಬಗ್ಗಬೇಕಿತ್ತು. ಹೊಲಿಗೆ ಎಳೆಯುತ್ತಿತ್ತು. ಅರ್ಜಿ ಬರೆದುಕೊಟ್ಟು ಆಟೋ ಹತ್ತಿದೆ.

ಮನೆ ತಿರುವಿನಲ್ಲಿ ಎಲೆ ಅಡಿಕೆ ತೆಗೆದುಕೊಳ್ಳಲು ಗೂಡಂಗಡಿ ಮುಂದೆ ಇಳಿದೆ. ಅಂಗಡಿಯವರು ಚಿಲ್ಲರೆ ಎಣಿಸುತ್ತಾ, ತಲೆ ಎತ್ತದೆ ಹೇಳಿದರು: ‘ಬಲಗಡೆಯದ್ದಲ್ವಾ ಮಾರಾಯ್ರೆ? ಹನ್ನೊಂದು ಸಲ ಕೆಮ್ಮಿಸಿದರಂತೆ. ಪಕ್ಕದ ಬೆಡ್ಡಿನಲ್ಲಿ ಇದ್ದದ್ದು ನಮ್ಮ ಭಾವನೇ.’