ಹುಡುಗನ ಕೈಗೆ ಒಂದು ಬೇರಿಂಗ್ ಕೊಟ್ಟು ನೋಡಿ

ಆಲೂರು ಕಡೆಯ ಹುಡುಗ. ಐಟಿಐ ಫಿಟ್ಟರ್, ಎರಡು ವರ್ಷ ಮುಗಿಸಿ ಆಗಷ್ಟೇ ಸರ್ಟಿಫಿಕೇಟ್ ಕೈಗೆ ಬಂದಿತ್ತು. ಬೆಳಗಿನ ಮೊದಲ ಬಸ್ಸಿಗೆ ಊರು ಬಿಟ್ಟು, ಹಾಸನದಲ್ಲಿ ಇಳಿದು, ಇನ್ನೊಂದು ಬಸ್ ಹಿಡಿದು ಇಂಡಸ್ಟ್ರಿಯಲ್ ಏರಿಯಾಕ್ಕೆ ಬಂದು, ಗೇಟಿನ ಹತ್ತಿರ ಸೆಕ್ಯೂರಿಟಿಯವರ ರಿಜಿಸ್ಟರಿನಲ್ಲಿ ಹೆಸರು ಬರೆದು ಒಂಬತ್ತು ಗಂಟೆಯಿಂದ ಕೂತಿದ್ದ. ನಾವು ಒಳಗೆ ಕರೆದಾಗ ಹನ್ನೊಂದೂ ಮುಕ್ಕಾಲು. ತಿಂಡಿ ತಿಂದಿದ್ದನೋ ಇಲ್ಲವೋ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಇದು ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ನಡೆದದ್ದು. ಹೆಸರು ಬೇಡ. ಮೇಂಟೆನೆನ್ಸ್ ವಿಭಾಗಕ್ಕೆ ಟೆಕ್ನಿಷಿಯನ್ ಬೇಕಿತ್ತು, ಇಂಟರ್‌ವ್ಯೂಗೆ ನಾವು ಮೂರು ಜನ ಕೂತಿದ್ದೆವು. ಎಚ್‌ಆರ್‌ನಿಂದ ಒಬ್ಬರು, ಪ್ರೊಡಕ್ಷನ್‌ನಿಂದ ಒಬ್ಬರು, ಮೇಂಟೆನೆನ್ಸ್ ಕಡೆಯಿಂದ ನಾನು. ಮೊದಲ ಪ್ರಶ್ನೆ ಎಲ್ಲರಿಗೂ ಒಂದೇ. ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್.’ ಹುಡುಗ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಹೆಸರು ಹೇಳಿದ, ಊರು ಹೇಳಿದ, ಅಪ್ಪ ಏನು ಮಾಡುತ್ತಾರೆ ಅನ್ನುವಲ್ಲಿ ಒಂದು ಪದ ಮರೆತುಹೋಯಿತು, ಅಲ್ಲಿಗೇ ನಿಂತ. ತಿರುಗಿ ಮೊದಲಿಂದ ಶುರು ಮಾಡಿದ. ಮತ್ತೆ ಅದೇ ಜಾಗದಲ್ಲಿ ನಿಂತ. ಎಸಿ ರೂಮಿನಲ್ಲಿ ಅವನ ಹಣೆಯ ಮೇಲೆ ಬೆವರು. ಕೈಯಲ್ಲಿದ್ದ ಪ್ಲಾಸ್ಟಿಕ್ ಫೈಲು ಸಣ್ಣಗೆ ಸದ್ದು ಮಾಡುತ್ತಿತ್ತು, ಬೆರಳು ನಡುಗುತ್ತಿತ್ತು.

ಎಚ್‌ಆರ್‌ನವರ ಶೀಟಿನಲ್ಲಿ ‘ಕಮ್ಯುನಿಕೇಶನ್’ ಅನ್ನುವ ಕಾಲಮ್ಮಿನಲ್ಲಿ ಆಗಲೇ 3 ಬಿದ್ದಿತ್ತು, ಹತ್ತಕ್ಕೆ.

ಆ ದಿನ ನನ್ನ ಜೇಬಿನಲ್ಲಿ ಒಂದು ಹಳೆ ಬೇರಿಂಗ್ ಇತ್ತು, ತಿರುಗುವ ಶಾಫ್ಟನ್ನು ಹಿಡಿದಿಡುವ ಗುಂಡುಗಳ ರಿಂಗು. ಬೆಳಿಗ್ಗೆ ಕೂಲಿಂಗ್ ಟವರ್ ಫ್ಯಾನ್ ಮೋಟಾರಿನಿಂದ ಬಿಚ್ಚಿದ್ದು. ಸ್ಟೋರಿನಲ್ಲಿ ತೋರಿಸಿ ಹೊಸದು ತರಬೇಕು ಅಂತ ಇಟ್ಟುಕೊಂಡಿದ್ದೆ. ಅದನ್ನು ಒರೆಸಿ ಅವನ ಕೈಗೆ ಕೊಟ್ಟು, ‘ಇದು ಹೇಗಿದೆ ನೋಡಿ ಹೇಳಪ್ಪಾ, ಕನ್ನಡದಲ್ಲೇ ಹೇಳು’ ಅಂದೆ.

ಹುಡುಗ ಬದಲಾಗಿಬಿಟ್ಟ. ಫೈಲನ್ನು ನೆಲದ ಮೇಲೆ ಇಟ್ಟ. ಒಳಗಿನ ರಿಂಗನ್ನು ಎಡಗೈ ಬೆರಳಲ್ಲಿ ಹಿಡಿದು ಹೊರಗಿನದನ್ನು ನಿಧಾನಕ್ಕೆ ತಿರುಗಿಸಿದ, ಕಿವಿ ಹತ್ತಿರ ತಂದು ಇನ್ನೊಂದು ಸಲ ತಿರುಗಿಸಿದ. ಆಮೇಲೆ ಎರಡು ಕಡೆಯಿಂದ ಹಿಡಿದು ಅಲ್ಲಾಡಿಸಿದ. ಬೆಳಕಿಗೆ ಓರೆ ಮಾಡಿ ಅಂಚಿನ ಮೇಲಿನ ನಂಬರ್ ಓದಿದ. ‘6205 ಸರ್. ಶಾಫ್ಟ್ 25 ಎಂಎಂ. ಪ್ಲೇ ಬಂದಿದೆ, ಗರಗರ ಅಂತಿದೆ. ಇದಕ್ಕೆ ನೀರು ಹೋಗಿದೆ ಅನ್ಸುತ್ತೆ ಸರ್, ಗ್ರೀಸ್ ಬೆಳ್ಳಗಾಗಿದೆ.’

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪ್ಲೇ ಅಂದರೆ ಸವೆದು ಸಡಿಲ ಆಗಿರುವುದು. ಬೇರಿಂಗ್ ನಂಬರಿನ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳಗಿನ ವ್ಯಾಸ ಸಿಗುತ್ತದೆ. 05 ಅಂದರೆ 25 ಎಂಎಂ, 06 ಅಂದರೆ 30. 04ರಿಂದ ಮೇಲಕ್ಕೆ ಈ ಲೆಕ್ಕ ನಡೆಯುತ್ತದೆ. ಇದು ಪುಸ್ತಕದಲ್ಲೂ ಇದೆ, ಕಲಿಯಬಹುದು. ಆದರೆ ನೀರು ಸೇರಿದ ಗ್ರೀಸ್ ಬೆಳ್ಳಗಾಗುತ್ತದೆ ಅನ್ನುವುದನ್ನು ಬಿಚ್ಚಿ ನೋಡಿದವರು ಮಾತ್ರ ಅಷ್ಟು ಬೇಗ ಹೇಳುತ್ತಾರೆ. ಎಲ್ಲಿ ನೋಡಿದ್ದೀಯ ಅಂತ ಕೇಳಿದೆ. ‘ಪಲ್ಪರ್‌ದು ಸರ್. ಕಾಫಿ ಕುಯ್ಲು ಟೈಮಲ್ಲಿ ನಮ್ಮೂರ ಕಡೆ ಮೂರ್ನಾಲ್ಕು ಪಲ್ಪರ್ ನಾನೇ ನೋಡ್ಕೊಳ್ತೀನಿ.’

ಕಾಫಿ ಸೀಮೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ, ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಮೆಷಿನ್. ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ) ಮಾಡುವವರು ಕುಯ್ದ ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕು. ರಾಶಿಯಲ್ಲೇ ಬಿಟ್ಟರೆ ಬಿಸಿಯಾಗಿ ಹುಳಿ ಹಿಡಿಯುತ್ತದೆ, ಬೀಜದ ಗುಣ ಹೋಗುತ್ತದೆ. ಸಂಜೆ ಏಳು ಗಂಟೆಗೆ ಪಲ್ಪರ್ ನಿಂತಿತು ಅಂದರೆ ಬೆಳಿಗ್ಗೆ ಮೆಕ್ಯಾನಿಕ್ ಬರಲಿ ಅಂತ ಕಾಯುವ ಹಾಗಿಲ್ಲ. ಒಬ್ಬರು ಬ್ಯಾಟರಿ ಹಿಡಿದು ನಿಲ್ಲಬೇಕು, ಇನ್ನೊಬ್ಬರು ಆ ತಣ್ಣನೆ ಗಾಳಿಯಲ್ಲಿ ಕೈ ಒದ್ದೆ ಮಾಡಿಕೊಂಡು ಬಿಚ್ಚಬೇಕು, ಹತ್ತಿರ ಏನು ಸಾಮಾನು ಇದೆಯೋ ಅದರಲ್ಲೇ ಓಡಿಸಬೇಕು. ಈ ಹುಡುಗ ಅದನ್ನು ಮಾಡಿ ಬಂದವನು. ಕಂಪನಿಗಳು ಯಾವಾಗಲೂ ಹೇಳುವ ‘ಬ್ರೇಕ್‌ಡೌನ್ ಅಟೆಂಡ್ ಮಾಡುವುದು’ ಅಂದರೆ ಇದೇ ಅಲ್ವಾ?

ಆದರೆ ಅವನ ಬಯೋಡೇಟಾದಲ್ಲಿ ಪಲ್ಪರ್ ಅನ್ನುವ ಪದವೇ ಇರಲಿಲ್ಲ. ಅಲ್ಲಿದ್ದದ್ದು ‘ಹಾರ್ಡ್ ವರ್ಕಿಂಗ್’, ‘ಹಾಬೀಸ್: ಪ್ಲೇಯಿಂಗ್ ಕ್ರಿಕೆಟ್’. ಸೈಬರ್ ಸೆಂಟರಿನಲ್ಲಿ ಎಲ್ಲರಿಗೂ ಒಂದೇ ಪುಟ ಹೊಡೆದು ಕೊಡುತ್ತಾರೆ, ಹೆಸರು ಮಾತ್ರ ಬೇರೆ. ಎಕ್ಸ್‌ಪೀರಿಯೆನ್ಸ್ ಅನ್ನುವ ಜಾಗದಲ್ಲಿ ‘ಫ್ರೆಶರ್’ ಅಂತಿತ್ತು.

ನಾನು ಅವನ ಪರ ಮಾತಾಡಿದೆ, ಜೋರಾಗಿಯೇ ಮಾತಾಡಿದೆ. ಪ್ರಯೋಜನ ಆಗಲಿಲ್ಲ. ‘ಆಡಿಟ್ ಬಂದಾಗ ಕಸ್ಟಮರ್ ಏನಾದರೂ ಕೇಳಿದರೆ ಉತ್ತರ ಕೊಡಬೇಕಲ್ಲ’ ಅಂದರು. ಒಟ್ಟು ಮಾರ್ಕ್ಸ್ ಕೂಡಿದಾಗ ಹುಡುಗ ಕೆಳಗೆ ಹೋದ. ಆಯ್ಕೆಯಾದವನು ಕೆಟ್ಟವನೇನಲ್ಲ, ಚೆನ್ನಾಗಿ ಮಾತಾಡುತ್ತಿದ್ದ, ನಾಲ್ಕು ತಿಂಗಳಿಗೆ ಬೆಂಗಳೂರಿನಲ್ಲಿ ಬೇರೆ ಕೆಲಸ ಸಿಕ್ಕಿತು ಅಂತ ಬಿಟ್ಟು ಹೋದ. ಆಲೂರಿನ ಹುಡುಗನಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ಅವನೂ ಬೆಂಗಳೂರಿನ ಪೀಣ್ಯದಲ್ಲಿ ಕೆಲಸಕ್ಕೆ ಸೇರಿದ್ದ. ಹಾಸನದಲ್ಲಿ, ಮನೆಯಿಂದ ಬಸ್ಸಿನಲ್ಲಿ ಓಡಾಡಿಕೊಂಡು ಮಾಡಬಹುದಾಗಿದ್ದ ಕೆಲಸ.

ನನಗೆ ಇದು ಇಷ್ಟು ನಾಟಲು ಕಾರಣ ಇದೆ. ನಾನು ಅರಸೀಕೆರೆ ತಾಲ್ಲೂಕಿನವನು, ಐಟಿಐ ಎಲೆಕ್ಟ್ರಿಷಿಯನ್. 2008ರಲ್ಲಿ ನನ್ನ ಮೊದಲ ಇಂಟರ್‌ವ್ಯೂ ನಡೆದದ್ದು ರೂಮಿನಲ್ಲಿ ಅಲ್ಲ. ವಯಸ್ಸಾದ ಫೋರ್‌ಮನ್ ಒಬ್ಬರು ಇದ್ದರು. ನನ್ನ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ‘ಬಾರೋ’ ಅಂತ ನೇರ ಶಾಪ್‌ಫ್ಲೋರಿಗೆ ಕರೆದುಕೊಂಡು ಹೋದರು. ಒಂದು ಸಣ್ಣ ಪಂಪಿನ ಮುಂದೆ ನಿಲ್ಲಿಸಿ ಸ್ಟಾರ್ಟರ್ ಬಟನ್ ಒತ್ತಿದರು. ಮೋಟಾರು ಗುಂಯ್ ಅಂತು, ತಿರುಗಲಿಲ್ಲ. ‘ಯಾಕೋ ತಿರುಗ್ತಿಲ್ಲ ಇದು?’

ನನ್ನ ಬಾಯಿಂದ ಬಂದ ಮೊದಲ ಮಾತು, ‘ಆಫ್ ಮಾಡಿ ಸರ್, ಒಂದು ಫೇಸ್ ಹೋಗಿದೆ, ವೈಂಡಿಂಗ್ ಸುಟ್ಟುಹೋಗುತ್ತೆ.’

ಅವರು ತಕ್ಷಣ ಆಫ್ ಮಾಡಿದರು. ಮೂರು ಫ್ಯೂಸಿನಲ್ಲಿ ಒಂದನ್ನು ಅವರೇ ಮೊದಲೇ ತೆಗೆದಿಟ್ಟಿದ್ದರು. ಅದನ್ನು ಜೇಬಿನಿಂದ ತೆಗೆದು ತೋರಿಸಿ, ‘ಇದನ್ನು ಎಲ್ಲಿ ಕಲಿತೆ?’ ಅಂದರು. ತೋಟದಲ್ಲಿ ಕಲಿತೆ ಅಂದೆ. ನಮ್ಮ ಕಡೆ ಬೋರ್‌ವೆಲ್ ಇರುವ ಎಲ್ಲ ತೆಂಗಿನ ತೋಟದವರಿಗೂ ಆ ಸದ್ದು ಗೊತ್ತು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಒಂದು ಫೇಸ್ ಹೋಗಿದ್ದು ಗಮನಿಸದೆ ಮೋಟಾರ್ ಹಾಕಿದರೆ ಅದು ಹಾಗೇ ಗುಂಯ್ ಅನ್ನುತ್ತದೆ. ಒಂದು ಸಲ ನಮ್ಮಪ್ಪ ಮಲಗಿದ್ದಾಗ ಮೋಟಾರ್ ಹಾಗೇ ಸುಟ್ಟುಹೋಗಿತ್ತು. ರೀವೈಂಡಿಂಗ್‌ಗೆ ಕೊಟ್ಟ ದುಡ್ಡಿಗೆ ಆ ವರ್ಷ ಮನೆಯಲ್ಲಿ ಹಬ್ಬಕ್ಕೆ ಬಟ್ಟೆ ತರಲಿಲ್ಲ. ಆ ಸದ್ದನ್ನು ನಾನು ಹೇಗೆ ಮರೆಯಲಿ?

ಆಮೇಲೆ ಅವರು, ಮೋಟಾರಿನೊಳಗಿನ ತಂತಿಸುರುಳಿ ಅಂದರೆ ವೈಂಡಿಂಗನ್ನು ಮೊದಲು ಸ್ಟಾರ್ ಆಕಾರದಲ್ಲಿ, ವೇಗ ಬಂದ ಮೇಲೆ ಡೆಲ್ಟಾ ಆಕಾರದಲ್ಲಿ ಜೋಡಿಸುವ ಸ್ಟಾರ್ ಡೆಲ್ಟಾ ಸ್ಟಾರ್ಟರ್ ತೋರಿಸಿ, ದೊಡ್ಡ ಮೋಟಾರಿಗೆ ಮೊದಲು ಸ್ಟಾರ್ ಯಾಕೆ ಅಂತ ಕೇಳಿದರು. ಸ್ಟಾರ್ಟಿಂಗ್ ಕರೆಂಟ್ ಕಮ್ಮಿಯಾಗಲಿ ಅಂತ ಅಂದೆ. ಎಷ್ಟು ಕಮ್ಮಿ? ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ ಅನ್ನುವುದು ಗೊತ್ತಿರಲಿಲ್ಲ. ಗೊತ್ತಿಲ್ಲ ಸರ್ ಅಂದೆ. ಅವರು ತಮ್ಮ ಕೈ ಮೇಲೆ ಪೆನ್ನಿನಿಂದ ಸ್ಟಾರ್ ಬರೆದು ಅಲ್ಲೇ ಹೇಳಿಕೊಟ್ಟರು. 415 ವೋಲ್ಟ್ ಲೈನಿನಲ್ಲಿ ಸ್ಟಾರ್‌ನಲ್ಲಿರುವಾಗ ಒಂದೊಂದು ವೈಂಡಿಂಗಿಗೆ 240 ವೋಲ್ಟ್ ಮಾತ್ರ ಸಿಗುತ್ತದೆ, ಟಾರ್ಕ್, ಅಂದರೆ ತಿರುಗಿಸುವ ಬಲ ಕೂಡ ಮೂರನೇ ಒಂದು ಭಾಗಕ್ಕೆ ಬರುತ್ತದೆ, ಅದಕ್ಕೇ ಲೋಡ್ ಜಾಸ್ತಿ ಇದ್ದರೆ ಸ್ಟಾರ್‌ನಲ್ಲಿ ಎತ್ತುವುದಿಲ್ಲ ಅಂತ. ಇಂಟರ್‌ವ್ಯೂನಲ್ಲೇ ಒಂದು ಪಾಠ ಆಯಿತು. ಇಪ್ಪತ್ತು ನಿಮಿಷ ಆಗಿತ್ತೇನೋ. ಇಂಗ್ಲಿಷಿನ ಒಂದು ವಾಕ್ಯವನ್ನೂ ನಾನು ಆಡಲಿಲ್ಲ. ಸೋಮವಾರದಿಂದ ಬಾ ಅಂದರು.

ಅವರಿಲ್ಲದಿದ್ದರೆ ನಾನು ಇವತ್ತು ಎಲ್ಲಿರುತ್ತಿದ್ದೆನೋ ಗೊತ್ತಿಲ್ಲ. ಎಸಿ ರೂಮಿನಲ್ಲಿ ಕೂರಿಸಿ ಅದೇ ಮೊದಲ ಪ್ರಶ್ನೆ ಕೇಳಿದ್ದರೆ ನಾನೂ ಆ ಹುಡುಗನ ಹಾಗೇ ನಿಂತುಬಿಡುತ್ತಿದ್ದೆ.

ಇಂಗ್ಲಿಷ್ ಬೇಡ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಬೇಕು. ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ನ ಡಿಸ್‌ಪ್ಲೇ ಮೇಲೆ ‘ಅಂಡರ್ ವೋಲ್ಟೇಜ್’ ಅಂತ ಬಂದರೆ ಓದಲು ಬರಬೇಕು. ಮ್ಯಾನುಯಲ್ ತೆಗೆದು ಫಾಲ್ಟ್ ಕೋಡ್ ಹುಡುಕಲು ಬರಬೇಕು, ಡ್ರಾಯಿಂಗ್ ಓದಬೇಕು, ಶಿಫ್ಟ್ ಬಿಡುವಾಗ ಲಾಗ್‌ಬುಕ್ಕಿನಲ್ಲಿ ಏನಾಯಿತು ಅಂತ ಬರೆಯಬೇಕು. ಹಾಗಾದರೆ ಅದನ್ನೇ ಪರೀಕ್ಷೆ ಮಾಡಿ! ಮ್ಯಾನುಯಲ್‌ನ ಒಂದು ಪುಟ ಕೊಡಿ, ಹತ್ತು ನಿಮಿಷ ಬಿಡಿ, ಓದಿ ಏನು ಅರ್ಥವಾಯಿತು ಅಂತ ಕನ್ನಡದಲ್ಲಿ ಹೇಳಲಿ. ಓದಿ ತಿಳಿದುಕೊಳ್ಳುವುದು ಬೇರೆ, ಮೂರು ಜನ ಅಪರಿಚಿತರ ಮುಂದೆ ತನ್ನ ಬಗ್ಗೆ ತಾನೇ ಇಂಗ್ಲಿಷಿನಲ್ಲಿ ಹೊಗಳಿಕೊಳ್ಳುವುದು ಬೇರೆ. ಎರಡನೆಯದು ಕಂಪ್ರೆಸರ್ ರಿಪೇರಿಗೆ ಯಾವ ಕೆಲಸಕ್ಕೂ ಬರುವುದಿಲ್ಲ. ರಾತ್ರಿ ಪಾಳಿಯಲ್ಲಿ ಎರಡು ಗಂಟೆಗೆ ಲೈನ್ ನಿಂತಾಗ ನಾವೆಲ್ಲ ಮಾತಾಡುವುದು ಕನ್ನಡದಲ್ಲೇ, ಅಲ್ಲಿ ಇಂಗ್ಲಿಷ್ ಬೇಕಾಗಲಿಲ್ಲ ಅಂದಮೇಲೆ ಇಲ್ಲಿ ಯಾಕೆ ಬೇಕು?

ಬಾಯಿಪಾಠದ ಪ್ರಶ್ನೆಗಳೂ ಅಷ್ಟೆ. ಕೆಲಸದ ಜಾಗ ಚೊಕ್ಕವಾಗಿ ಇಟ್ಟುಕೊಳ್ಳುವ ಐದು ಹೆಜ್ಜೆಯ ಪದ್ಧತಿ 5ಎಸ್. ‘5ಎಸ್ ಅಂದರೆ ಏನು?’ ಅಂತ ಕೇಳಿದರೆ ಜಪಾನಿ ಹೆಸರಿನ ಸಮೇತ ಐದನ್ನೂ ಒಪ್ಪಿಸುವವರು ಸಿಗುತ್ತಾರೆ. ಬದಲಿಗೆ ಸ್ಪ್ಯಾನರ್, ಸರ್ಕ್ಲಿಪ್ ಪ್ಲೈಯರ್, ಅಲೆನ್ ಕೀ ಎಲ್ಲ ಕಲೆಸಿ ಹೋದ ಒಂದು ಟೂಲ್ ಬಾಕ್ಸ್ ಮುಂದಿಟ್ಟು ಜೋಡಿಸು ಅನ್ನಿ, ಐದು ನಿಮಿಷದಲ್ಲಿ ತಿಳಿಯುತ್ತದೆ. ಮೈಕ್ರೋಮೀಟರಿನ ಲೀಸ್ಟ್ ಕೌಂಟ್, ಅಂದರೆ ಅದು ಅಳೆಯುವ ಅತಿ ಸಣ್ಣ ಅಳತೆ, 0.01 ಎಂಎಂ ಅಂತ ಎಲ್ಲರೂ ಹೇಳುತ್ತಾರೆ. ಕೈಗೆ ಕೊಡಿ. ಅಳೆಯುವ ಮೊದಲು ಎರಡೂ ಮುಖ ಒರೆಸಿ, ಪೂರ್ತಿ ಮುಚ್ಚಿ, ಸೊನ್ನೆ ಸರಿ ಇದೆಯಾ ಅಂತ ನೋಡುತ್ತಾನಾ, ಒತ್ತಡ ಹೆಚ್ಚಾಗದಂತೆ ತಡೆಯುವ ರ‍್ಯಾಚೆಟ್ ತಿರುಗಿಸುತ್ತಾನಾ ಅಥವಾ ಅಳತೆಯ ಗೆರೆ ಇರುವ ಥಿಂಬಲ್ಲನ್ನೇ ಹಿಡಿದು ಬಿಗಿಯುತ್ತಾನಾ? ಅದರಲ್ಲಿ ಅವನ ಎರಡು ವರ್ಷದ ಐಟಿಐ ಪೂರ್ತಿ ಕಾಣುತ್ತದೆ.

ಈಗ ಐಟಿಐಗಳೂ ಹಳೆಯ ಹಾಗಿಲ್ಲ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಮೆಷಿನ್ನುಗಳನ್ನು ತಂದು ಮೇಲೆತ್ತಿದ್ದಾರೆ. ಸಿಎನ್‌ಸಿ ಅನ್ನುವ ಕಂಪ್ಯೂಟರ್ ಚಾಲಿತ ಮೆಷಿನ್, ರೋಬೋ ಎಲ್ಲ ಮುಟ್ಟಿ ನೋಡಿದ ಮಕ್ಕಳು ಬರುತ್ತಿದ್ದಾರೆ. ಕಲಿಸುವ ಕಡೆ ಇಷ್ಟು ಬದಲಾಗಿದೆ, ಕೆಲಸ ಕೊಡುವ ಕಡೆಯ ಪ್ರಶ್ನೆ ಮಾತ್ರ ಬದಲಾಗಿಲ್ಲ.

ಹೆಣ್ಣುಮಕ್ಕಳ ವಿಷಯ ಇನ್ನೂ ಬೇಜಾರು. ಒಂದು ಸಲ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಓದಿದ ಹುಡುಗಿ ಬಂದಿದ್ದಳು. ಮದುವೆ ಯಾವಾಗ, ಮನೆಯಲ್ಲಿ ಒಪ್ಪಿದ್ದಾರಾ, ಇದಿಷ್ಟೇ ಕೇಳಿ ಕಳಿಸಿದರು. ಮಲ್ಟಿಮೀಟರ್ ಬಗ್ಗೆ ಒಂದು ಪ್ರಶ್ನೆ ಇಲ್ಲ. ನಾನು ಅವತ್ತು ಬಾಯಿ ಬಿಡಲಿಲ್ಲ. ಬಿಡಬೇಕಿತ್ತು.

ಇಂಟರ್‌ವ್ಯೂಗೆ ಹೋಗುವ ಹುಡುಗ ಹುಡುಗಿಯರಿಗೂ ಒಂದು ಮಾತು. ನಿಮ್ಮ ಬಯೋಡೇಟಾದಲ್ಲಿ ನೀವು ನಿಜವಾಗಿ ಮಾಡಿದ ಕೆಲಸ ಬರೆಯಿರಿ. ಪಲ್ಪರ್ ರಿಪೇರಿ, ಪಂಪ್‌ಸೆಟ್, ಪವರ್ ಟಿಲ್ಲರ್, ಊರಿನ ಹಿಟ್ಟಿನ ಗಿರಣಿಯ ಬೆಲ್ಟು, ಚಿಕ್ಕಪ್ಪನ ವೆಲ್ಡಿಂಗ್ ಶಾಪಿನಲ್ಲಿ ರಜೆಯಲ್ಲಿ ಗ್ರೈಂಡಿಂಗ್ ಮಾಡಿದ್ದು, ಏನಿದ್ದರೂ ಬರೆಯಿರಿ. ಅದು ಅನುಭವ. ನಾಚಿಕೆಪಡುವ ವಿಷಯ ಅಲ್ಲವೇ ಅಲ್ಲ. ‘ಮೋಟಾರ್ ಬಿಸಿಯಾಗುತ್ತಿದೆ, ಏನು ನೋಡ್ತೀಯಾ?’ ಅಂತ ಕೇಳಿದರೆ ಗಾಬರಿಯಾಗಿ ಉತ್ತರ ಒಂದೇ ಸಲಕ್ಕೆ ಎಸೆಯಬೇಡಿ. ಮೊದಲು ಇದನ್ನು ನೋಡುತ್ತೇನೆ, ಸರಿ ಇದ್ದರೆ ಆಮೇಲೆ ಅದನ್ನು ನೋಡುತ್ತೇನೆ ಅಂತ ಸಾಲಾಗಿ ಹೇಳಿ. ನಮಗೆ ಬೇಕಾದದ್ದು ಆ ಸಾಲು. ಪ್ಯಾನೆಲ್ ಮುಟ್ಟುವ ಮೊದಲು ಐಸೊಲೇಟರ್, ಅಂದರೆ ಮುಖ್ಯ ಸ್ವಿಚ್ಚು, ಆಫ್ ಮಾಡಿ, ಬೀಗ ಹಾಕಿ, ಕರೆಂಟ್ ಇಲ್ಲ ಅಂತ ಮೀಟರ್ ಹಿಡಿದು ಖಾತ್ರಿ ಮಾಡಿಕೊಳ್ಳುತ್ತೇನೆ ಅಂತ ಶುರು ಮಾಡಿದವರಿಗೆ ನಾನು ಯಾವಾಗಲೂ ಜಾಸ್ತಿ ಮಾರ್ಕ್ಸ್ ಹಾಕಿದ್ದೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಕರೆಂಟಿನ ಕೆಲಸದಲ್ಲಿ ಗೊತ್ತಿದೆ ಅಂತ ಸುಳ್ಳು ಹೇಳುವವರ ಪಕ್ಕದಲ್ಲಿ ನಿಲ್ಲಲು ನಮಗೆ ಭಯ ಆಗುತ್ತದೆ.

ಮತ್ತೆ ನೀವೂ ಕೇಳಿ. ಕಂಪನಿ ರೋಲಾ (ಅಂದರೆ ಕಂಪನಿಯೇ ನೇರ ತೆಗೆದುಕೊಳ್ಳುವುದಾ), ಕಾಂಟ್ರ್ಯಾಕ್ಟಾ, ಅಪ್ರೆಂಟಿಸಾ? ಮೂರೂ ಬೇರೆ ಬೇರೆ. ಅಪ್ರೆಂಟಿಸ್ ಅಂದರೆ 1961ರ ಕಾಯ್ದೆ ಪ್ರಕಾರ ತರಬೇತಿ, ಕೊಡುವುದು ಸ್ಟೈಪೆಂಡ್. ಮುಗಿದ ಮೇಲೆ ಕೆಲಸ ಸಿಕ್ಕೇ ಸಿಗುತ್ತದೆ ಅಂತೇನಿಲ್ಲ. ಇದು ತಿಳಿಯದೆ ‘ಪರ್ಮನೆಂಟ್ ಆಗುತ್ತೆ’ ಅಂತ ನಂಬಿ ವರ್ಷ ಕಳೆದವರು ಎಷ್ಟೋ ಜನ. ಹೆಚ್ಚುವರಿ ದುಡಿದ ಹೊತ್ತಿಗೆ ಎರಡರಷ್ಟು ಕೂಲಿ ಅನ್ನುವುದು 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಬಂದ ನಿಯಮ. ನೇಮಕಾತಿ ಪತ್ರ ಕೇಳಿ ಪಡೆಯಿರಿ, 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದನ್ನು ಕೊಡಲೇಬೇಕು ಅಂತ ಇದೆ. ಕೆಲಸ ಕೊಡಿಸುತ್ತೇನೆ ಅಂತ ದುಡ್ಡು ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಈಗಿರುವ ಕಂಪನಿಯಲ್ಲಿ ನಮ್ಮ ಮ್ಯಾನೇಜರ್ ಹತ್ತಿರ ಇದನ್ನೆಲ್ಲ ಹೇಳಿದೆ. ಒಂದು ಸಲ ಮಾಡಿ ನೋಡೋಣ ಅಂದಿದ್ದಾರೆ. ಈ ಶನಿವಾರ ಹನ್ನೆರಡು ಜನ ಬರುತ್ತಿದ್ದಾರೆ. ವರ್ಕ್‌ಶಾಪಿನಲ್ಲೇ ಒಂದು ಬೆಂಚು ಖಾಲಿ ಮಾಡಿಸಿದ್ದೇನೆ. ಅದರ ಮೇಲೆ ಒಂದು ಹೋದ ಬೇರಿಂಗ್, ಕಾಂಟ್ಯಾಕ್ಟ್ ಸುಟ್ಟ ಒಂದು ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಹಾಕಿ ತೆಗೆಯುವ ಸ್ವಿಚ್ಚು), ಒಂದು ಮೈಕ್ರೋಮೀಟರ್, ಮ್ಯಾನುಯಲ್‌ನ ಎರಡು ಪುಟ. ಪಕ್ಕದಲ್ಲಿ ಕುಡಿಯುವ ನೀರು, ಬೆಳಿಗ್ಗೆ ಬೇಗ ಹೊರಟವರಿಗೆ ಕ್ಯಾಂಟೀನಿನಲ್ಲಿ ತಿಂಡಿ ಹೇಳಿದ್ದೇನೆ. ಬರುವವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಷೂ ಹಾಕಿಕೊಂಡು ಬನ್ನಿ. ಚಪ್ಪಲಿಯಲ್ಲಿ ಶಾಪ್‌ಫ್ಲೋರ್ ಒಳಗೆ ಬಿಡುವುದಿಲ್ಲ.